ಓದುಗರ ಪ್ರಶ್ನೆ: ಎಲ್ಲರೂ ಗುರುತಿಸುವ ಊರಿನಲ್ಲಿ ಎ.ಎ. ಸಭೆಗೆ ಹೋಗುವುದು ಹೇಗೆ?

ಪ್ರಶ್ನೆ: ನನಗೆ 43 ವರ್ಷ. ಉಡುಪಿಯ ಹತ್ತಿರದ ಹಳ್ಳಿಯವನು, ಸಹಕಾರಿ ಸಂಘವೊಂದರಲ್ಲಿ ನೌಕರ. ಕಳೆದ ವರ್ಷ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದು ಬಂದ ಮೇಲೆ ಐದು ತಿಂಗಳು ಮುಟ್ಟಿರಲಿಲ್ಲ. ನೆಂಟರ ಮನೆಯ ಮೆಹಂದಿಯ ರಾತ್ರಿ ಮತ್ತೆ ಶುರುವಾಯಿತು. ಈಗ ದಿನವೂ ಬೇಕು, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ. ಗೆಳೆಯನೊಬ್ಬ, ಕುಡಿತ ಬಿಡಬಯಸುವವರು ಸೇರುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಸಂಘದ ಸಭೆಗೆ ಹೋಗು ಎನ್ನುತ್ತಾನೆ. ಪರಿಚಿತರು ನೋಡಿದರೆ ಗತಿಯೇನು? ಅದು ಚರ್ಚಿನವರ ಸಂಘವೆಂದೂ ಕೇಳಿದ್ದೇನೆ.

ಉತ್ತರ: ಸಭೆಗಿಂತ ಮೊದಲು ನಿಮ್ಮ ಕೈ ನಡುಕದ ವಿಚಾರ. ದಿನವೂ ಕುಡಿಯುವ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಮೊದಲ ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ ಬರಬಹುದು, ಎರಡನೆಯ ಅಥವಾ ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪಿದಂತಾಗುವ ಸ್ಥಿತಿ ತಲೆದೋರಬಹುದು, ಮತ್ತು ಇದು ಜೀವಕ್ಕೇ ಅಪಾಯ ತರಬಲ್ಲದು. ಆದ್ದರಿಂದ ನಾಳೆಯಿಂದ ಬಿಡುತ್ತೇನೆಂದು ಮನೆಯಲ್ಲೇ ಶಪಥ ಮಾಡಬೇಡಿ. ಉಡುಪಿಯ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಮಣಿಪಾಲದಲ್ಲಾಗಲಿ, ಮಂಗಳೂರಿನ ವೆನ್ಲಾಕ್‌ನಲ್ಲಾಗಲಿ ಮನೋವೈದ್ಯರನ್ನು ಕಂಡು, ಎಷ್ಟು ಕುಡಿಯುತ್ತೀರಿ ಎಂಬುದನ್ನು ಅರ್ಧ ಮುಚ್ಚಿಡದೆ ಹೇಳಿ. ಔಷಧಿ ಮಾಡುವ ಕೆಲಸವನ್ನು ಸಭೆ ಮಾಡದು. ಔಷಧಿ ಮುಗಿದ ಮೇಲಿನ ಸಂಜೆಗಳಿಗೆ ಸಭೆ ಬೇಕು.

ಇನ್ನು ಗುರುತಿನ ಭಯ. ಬಾರಿಗೆ ಹೋಗುವಾಗ ಇಲ್ಲದ ನಾಚಿಕೆ ಈಗೇಕೆ ಎಂದು ನಿಮ್ಮನ್ನು ಕೇಳುವವರಿದ್ದಾರೆ, ನಾನು ಕೇಳುವುದಿಲ್ಲ. ಮೆಹಂದಿಯ ರಾತ್ರಿ ಕುಡಿಯುವವನನ್ನು ನಮ್ಮ ಊರುಗಳು ಎಂದೋ ಒಪ್ಪಿಕೊಂಡಿವೆ, ಆದರೆ ನನ್ನೊಬ್ಬನಿಂದ ಬಿಡಲಾಗುತ್ತಿಲ್ಲ ಎನ್ನುವವನನ್ನು ಹೇಗೆ ನೋಡಬೇಕೆಂದು ಅವುಗಳಿಗೆ ಇನ್ನೂ ತಿಳಿದಿಲ್ಲ, ಹಾಗಾಗಿ ನಿಮ್ಮ ಅಂಜಿಕೆಗೆ ಆಧಾರವಿದೆ. ಆದರೆ ಆ ಕೋಣೆಯಲ್ಲಿ ನಿಮ್ಮನ್ನು ಗುರುತಿಸುವವನು ತಾನೂ ಅದೇ ಕಾರಣಕ್ಕೆ ಬಂದು ಕುಳಿತವನು, ನಿಮ್ಮ ಗುಟ್ಟು ಅವನ ಗುಟ್ಟೂ ಹೌದು. ಹೆಸರು ಹೊರಗೆ ಹೇಳಬಾರದೆಂಬುದು ಸಂಘದ ಹೆಸರಿನಲ್ಲೇ ಇದೆ, ‘ಅನಾನಿಮಸ್’ ಎಂದರೆ ಅನಾಮಧೇಯ. ಅಷ್ಟಾದರೂ ಧೈರ್ಯ ಸಾಲದಿದ್ದರೆ ಮೊದಲ ಕೆಲವು ವಾರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿನ ಸಭೆಗೆ ಹೋಗಿ, ಮಂಗಳೂರಿನವರಾದರೆ ಉಡುಪಿಗೆ ಬರಲಿ, ಇದು ಹೇಡಿತನವಲ್ಲ.

ಸಂಘವು ಚರ್ಚಿನದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ನೆಲಕಚ್ಚಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ಭೇಟಿಯಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದರಿಂದಲೇ ಕುಡಿಯದೆ ದಿನ ಕಳೆಯಬಹುದೆಂದು ಕಂಡುಕೊಂಡರು, ಎ.ಎ. ಅಲ್ಲಿಂದ ಹುಟ್ಟಿತು. ಕುಡಿತದಿಂದ ಹೊರಬರಲು ಅದು ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಆದರೆ ಅದು ‘ನಾವು ತಿಳಿದುಕೊಂಡಂತಹ ದೇವರು’. ಚರ್ಚಿನ ಸಭಾಂಗಣದಲ್ಲಿ ಕೆಲವು ಗುಂಪುಗಳು ಸೇರುವುದಕ್ಕೆ ಕಾರಣ ಕಡಿಮೆ ಬಾಡಿಗೆಗೆ ಕೋಣೆ ಸಿಗುವುದು, ಅಷ್ಟೆ. ರಕ್ತದಾನ ಶಿಬಿರವೂ ಅಲ್ಲೇ ನಡೆಯುತ್ತದಲ್ಲ.

ಸಭೆ ಸುಮಾರು ಒಂದರಿಂದ ಒಂದೂವರೆ ಗಂಟೆಯದು. ಒಬ್ಬರು ತಮ್ಮ ಮೊದಲ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಆರಂಭಿಸಿ, ತಮ್ಮ ಕತೆ ಹೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಾತನಾಡಲು ಮನಸ್ಸಿಲ್ಲದಿದ್ದರೆ ಕೇಳಿಕೊಂಡಿರುತ್ತೇನೆ ಎಂದರೆ ಸಾಕು. ಸದಸ್ಯತ್ವ ಶುಲ್ಕವಿಲ್ಲ, ಡಬ್ಬಿ ಸುತ್ತು ಬರುತ್ತದೆ, ಹಾಕಲೇಬೇಕೆಂದೇನೂ ಇಲ್ಲ. ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ, ಆದ್ದರಿಂದ ಮುಂಚಿನ ದಿನ ಕುಡಿದಿದ್ದರೂ ಹೋಗಬಹುದು. ತೆರೆದ ಸಭೆಗೆ ಯಾರೂ ಬರಬಹುದು, ಮುಚ್ಚಿದ ಸಭೆ ವ್ಯಸನಿಗಳಿಗೆ ಮಾತ್ರ. ಫೋನ್ ಮಾಡುವಾಗಲೇ ಇದನ್ನು ಕೇಳಿಕೊಳ್ಳಿ, ತುಳುವೋ ಕನ್ನಡವೋ ಕೊಂಕಣಿಯೋ ಎಂಬುದನ್ನೂ ಕೇಳಿ.

ಎ.ಎ. ಭಾರತ ಶಾಖೆಯ ಜಾಲತಾಣದಲ್ಲಿ ಸಭೆಗಳ ವಿವರ ದೊರೆಯುತ್ತದೆ. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು. ನೀವು ಹೋಗಿದ್ದ ಶಿಬಿರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯದಾಗಿದ್ದರೆ, ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಬಾಗಿಲನ್ನು ಮತ್ತೆ ತಟ್ಟಿ, ಜಾರಿದವನೆಂದು ಹಿಂಜರಿಯಬೇಡಿ. ಚಿಕಿತ್ಸೆಗಳ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಯು 27 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಎ.ಎ.ಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆಯು ಸಂಪೂರ್ಣ ವರ್ಜನದ ಮಟ್ಟಿಗೆ ಇತರ ಆಪ್ತಸಮಾಲೋಚನಾ ವಿಧಾನಗಳಿಗಿಂತ ಮುಂದಿದೆಯೆಂದು ಕಂಡಿತು. ಮೊದಲ ಗುಂಪು ಒಗ್ಗದಿದ್ದರೆ ಎರಡನೆಯದನ್ನು ನೋಡಿ. ಮುಂದಿನ ಮೆಹಂದಿಗೆ ಮೊದಲು, ಹಳೆಯ ಸದಸ್ಯರೊಬ್ಬರನ್ನು ಸ್ಪಾನ್ಸರ್ (ಕೈಹಿಡಿದು ನಡೆಸುವ ಜೊತೆಗಾರ) ಆಗಿ ಕೇಳಿಕೊಂಡು, ಅವರ ನಂಬರು ಜೇಬಿನಲ್ಲಿರಲಿ. ಗ್ಲಾಸು ಕೈಗೆ ಬರುವ ಮೊದಲೇ ಹೊರಗೆ ಬಂದು ಅವರಿಗೆ ಕರೆ ಮಾಡಿ.

ಪ್ರಶ್ನೆ: ನನ್ನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಮಳೆಗಾಲದ ಎರಡು ತಿಂಗಳ ರಜೆಯಲ್ಲಿ ಕುಡಿತ ಮಿತಿ ಮೀರುತ್ತದೆ. ಅವರು ಯಾವ ಸಭೆಗೂ ಬರಲು ಒಪ್ಪುವುದಿಲ್ಲ. ನಾನೇನು ಮಾಡಲಿ?

ಉತ್ತರ: ನೀವೇ ಹೋಗಿ. ವ್ಯಸನಿಗಳ ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘ 1951ರಿಂದ ಇದೆ, ಅದಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ. ಅಲ್ಲಿ ಅವರನ್ನು ಬದಲಿಸುವ ಉಪಾಯ ಹೇಳಿಕೊಡುವುದಿಲ್ಲ; ಬಾಟಲಿ ಹುಡುಕುವುದನ್ನು, ಅವರ ಪರವಾಗಿ ಸುಳ್ಳು ಹೇಳುವುದನ್ನು ನೀವು ಹೇಗೆ ನಿಲ್ಲಿಸಬಹುದೆಂದು ಅದೇ ಪಾಡುಪಟ್ಟ ಹೆಂಗಸರು ಹೇಳುತ್ತಾರೆ. ಹೊಡೆತ ಬೀಳುತ್ತಿದ್ದರೆ ಸಭೆಗಾಗಿ ಕಾಯದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.