ಎಲ್‌ಪಿ ತರಿಸಿ, ಟರ್ನ್‌ಟೇಬಲ್‌ಗೆ ಸ್ವಲ್ಪ ತಡೆಯಿರಿ

ಹೊರದೇಶಕ್ಕೆ ಬಂದು ಎರಡು ತಿಂಗಳಾಯಿತು, ಊರಲ್ಲಿ ಬಿಟ್ಟುಬಂದ ಟರ್ನ್‌ಟೇಬಲನ್ನೂ (ರೆಕಾರ್ಡ್ ನುಡಿಸುವ ಯಂತ್ರ) ಐವತ್ತು ಎಲ್‌ಪಿ ರೆಕಾರ್ಡುಗಳನ್ನೂ ತರಿಸಲೇ, ಇಲ್ಲ ಎಲ್ಲವನ್ನೂ ಫೋನಿನಲ್ಲೇ ಕೇಳಿಕೊಂಡಿರಲೇ, ಹೊಸದಾಗಿ ಏನು ಕೇಳಲಿ ಅಂತ ಕೇಳಿದ್ದೀರಿ. ಎಲ್‌ಪಿ ಖಂಡಿತ ತರಿಸಿ. ಟರ್ನ್‌ಟೇಬಲ್ ಮಾತ್ರ ಇದನ್ನು ಓದಿದ ಮೇಲೆ.

ಯಾವ ದೇಶ ಅಂತ ನೀವು ಬರೆದಿಲ್ಲ, ಉತ್ತರ ನಿಂತಿರುವುದೇ ಅದರ ಮೇಲೆ. ಭಾರತದ ಕರೆಂಟು 230 ವೋಲ್ಟ್, 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾದಲ್ಲೂ ಅದೇ, ಪ್ಲಗ್ ಬದಲಿಸಿದರೆ ಮುಗಿಯಿತು. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್. (ಜಪಾನಿನದು ಇನ್ನೂ ಮಜಾ: 100 ವೋಲ್ಟ್, ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60.) ಟ್ರಾನ್ಸ್‌ಫಾರ್ಮರ್ ಕೊಂಡರೆ ಆಯಿತು ಅಂದುಕೊಂಡವರು ಎಡವುವುದು ಇಲ್ಲೇ. ಅದು ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಹಳೆಯ ಬೆಲ್ಟ್ ಡ್ರೈವ್‌ಗಳ (ಮೋಟರ್ ಬೆಲ್ಟಿನ ಮೂಲಕ ತಟ್ಟೆ ತಿರುಗಿಸುವಂಥವು) ಎಸಿ ಸಿಂಕ್ರೊನಸ್ ಮೋಟರ್ ತಿರುಗುವುದು ಹರ್ಟ್ಸ್ ಲೆಕ್ಕದಲ್ಲಿ. 50ರ ಮೋಟರನ್ನು 60ಕ್ಕೆ ಹಾಕಿದರೆ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 40 ಸುತ್ತುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಏರುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಎರಡನ್ನೂ ದಾಟಿ ಕೇಳುತ್ತದೆ.

ಕೆಲವು ಮಾಡೆಲ್‌ಗಳಿಗೆ 60 ಹರ್ಟ್ಸಿನ ಪುಲ್ಲಿ (ಬೆಲ್ಟ್ ಸುತ್ತುವ ಮೋಟರಿನ ಪುಟ್ಟ ಗಾಲಿ) ಬಿಡಿಯಾಗಿ ಸಿಗುತ್ತದೆ. ಅದರ ವ್ಯಾಸ ಹಳೆಯದರ ಆರರಲ್ಲಿ ಐದು ಪಾಲು. ಸಿಗದಿದ್ದರೆ ಊರಲ್ಲೇ ಮಾರಿಬಿಡಿ, ಸಾಗಣೆ ಖರ್ಚು ದಂಡ. ಡಿಸಿ ಮೋಟರ್ ಅಥವಾ ಕ್ವಾರ್ಟ್ಜ್ ಲಾಕ್ (ಹರಳಿನ ಲೆಕ್ಕದಲ್ಲಿ ವೇಗ ಹಿಡಿದಿಡುವ ವ್ಯವಸ್ಥೆ) ಇರುವ, ಬೆಲ್ಟಿಲ್ಲದ ಡೈರೆಕ್ಟ್ ಡ್ರೈವ್ ಆದರೆ ವೋಲ್ಟೇಜ್ ಒಂದನ್ನು ನೋಡಿಕೊಂಡರೆ ಸಾಕು.

ಜೋಡಿಸಿದ ಮೇಲೆ ಲೇಬಲ್ ಅಂಚಿಗೆ ಚೂರು ಕಾಗದ ಅಂಟಿಸಿ, ಮುಳ್ಳು ಇಳಿಸಿ, ಸುತ್ತು ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಬರಬೇಕು. 120 ಬಂದರೆ ಹರ್ಟ್ಸ್ ತೊಂದರೆ. 97, 98 ಬಂದರೆ ಬೆಲ್ಟ್ ಸಡಿಲಾಗಿರಬಹುದು. 60 ಹರ್ಟ್ಸಿನ ದೇಶದಲ್ಲಿ ಊರಿಂದ ತಂದ ಸ್ಟ್ರೋಬ್ ಡಿಸ್ಕನ್ನು (ವೇಗ ಸರಿಯಿದ್ದರೆ ದೀಪದ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುವ ಬಿಲ್ಲೆ) ನಂಬಬೇಡಿ: 50 ಹರ್ಟ್ಸಿನದಕ್ಕೆ 180 ಗೆರೆ, 60ಕ್ಕೆ 216 ಗೆರೆ ಇರಬೇಕು.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಗೆ ತಂಬೂರಿಯೇ ಬೇಕು. ನಿಮಗೆ ಬಾಯಿಪಾಠವಾಗಿರುವ ವಿಲಂಬಿತ್ ಖಯಾಲಿನ (ನಿಧಾನಗತಿಯ ಹಿಂದೂಸ್ತಾನಿ ಗಾಯನ) ಎಲ್‌ಪಿ ಹಾಕಿ, ಗಾಯಕರನ್ನು ಬಿಟ್ಟು ಹಿಂದಿನ ಷಡ್ಜವನ್ನಷ್ಟೇ ಹಿಡಿದು ಕೂರಿ. ಡ್ರಮ್ಸ್, ಗಿಟಾರ್ ಅಬ್ಬರದಲ್ಲಿ ಮುಚ್ಚಿಹೋಗುವ ತೂಗಾಟ ಇಲ್ಲಿ ಬೆತ್ತಲಾಗುತ್ತದೆ. 1.8 ಸೆಕೆಂಡಿಗೊಮ್ಮೆ ಷಡ್ಜ ಜೋಲಿ ಹೊಡೆದರೆ ಅದು ಒಂದು ಸುತ್ತಿನ ಅವಧಿ. ಆ ಒಂದು ತಟ್ಟೆಯಲ್ಲಿ ಮಾತ್ರ ಹಾಗಾದರೆ ತೂತು ನಡುವಿನಲ್ಲಿಲ್ಲ ಅಥವಾ ತಟ್ಟೆ ಡೊಂಕಾಗಿದೆ, ಮಷೀನನ್ನು ಬೈಯಬೇಡಿ. ಎಲ್ಲದರಲ್ಲೂ ಸಣ್ಣಗೆ ನಡುಗಿದರೆ ಬೆಲ್ಟ್ ಬದಲಿಸಿ.

ಕೆಲವೊಮ್ಮೆ ತಪ್ಪು ರೆಕಾರ್ಡಿನಲ್ಲೇ ಇರುತ್ತದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 1959ರ ಆಲ್ಬಂ ‘ಕೈಂಡ್ ಆಫ್ ಬ್ಲೂ’ ತಗೊಳ್ಳಿ. ಮಾರ್ಚ್ 2ರ ರೆಕಾರ್ಡಿಂಗ್ ದಿನ ಮಾಸ್ಟರ್ ಟೇಪಿನ ಯಂತ್ರ ತುಸು ನಿಧಾನ ಓಡಿತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಸಂಗೀತ ತುಸು ಬೇಗ ಓಡುತ್ತದೆ, ಹಾಗಾಗಿ ಮೊದಲ ಬದಿಯ ಮೂರೂ ರಚನೆಗಳು ದಶಕಗಳ ಕಾಲ ಸ್ವಲ್ಪ ಏರಿದ ಶ್ರುತಿಯಲ್ಲೇ ಮಾರಾಟವಾದವು. ಸರಿಪಡಿಸಿದ್ದು 1992ರ ಮರುಮುದ್ರಣದಲ್ಲಿ. ಹಳೆಯ ಎಲ್‌ಪಿಯನ್ನೂ ಸ್ಟ್ರೀಮಿಂಗನ್ನೂ ಹೋಲಿಸಿ ಪುಲ್ಲಿ ಬಿಚ್ಚಲು ಹೊರಡುವ ಮುಂಚೆ ಇದು ನೆನಪಿರಲಿ. ಹಳೆಯದರ ಆ ಮಿಂಚೇ ಚೆನ್ನ ಅನ್ನುವವರೂ ಇದ್ದಾರೆ. ನನ್ನ ಮತ ಸರಿಪಡಿಸಿದ್ದಕ್ಕೇ, ಬಾಸ್ ಅದರಲ್ಲಿ ಆರಾಮಾಗಿ ಕೂರುತ್ತದೆ.

ಪ್ಯಾಕಿಂಗ್: ಕವರ್ ಸೇರಿ ಒಂದು ಎಲ್‌ಪಿ ಸುಮಾರು ಕಾಲು ಕೆಜಿ, ಐವತ್ತಕ್ಕೆ ಹನ್ನೆರಡು ಹದಿಮೂರು ಕೆಜಿ. ಎರಡು ಪೆಟ್ಟಿಗೆ ಮಾಡಿಸಿ. ತಟ್ಟೆಯನ್ನು ಒಳಚೀಲದ ಸಮೇತ ಹೊರಗೆ ತೆಗೆದು ಕವರಿನ ಹಿಂದೆ ಇಡಿಸಿ, ಒಳಗೇ ಬಿಟ್ಟರೆ ಕುಲುಕಾಟಕ್ಕೆ ಕವರಿನ ಅಂಚು ಸೀಳುತ್ತದೆ. ನೆಟ್ಟಗೆ ನಿಲ್ಲಿಸಿ, ಮಲಗಿಸಿ ಪೇರಿಸಬೇಡಿ. ಚಳಿದೇಶವಾದರೆ ಹೀಟರಿನಿಂದ ದೂರವಿಡಿ. ಹೀಟರಿನಿಂದ ಗಾಳಿ ಒಣಗಿ ಸ್ಟ್ಯಾಟಿಕ್ ವಿದ್ಯುತ್ ಏರಿ ಚಟಚಟ ಸದ್ದು ಬರುತ್ತದೆ, ಕಾರ್ಬನ್ ಫೈಬರ್ ಬ್ರಶ್ ಒಂದು ಇರಲಿ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತುವ ಅರಗಿನ ತಟ್ಟೆಗಳಿದ್ದರೆ ಆಲ್ಕೋಹಾಲ್ ಬೆರೆತ ಕ್ಲೀನರ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ.

ಸ್ಟ್ರೀಮಿಂಗಿನಲ್ಲಿ ಹಕ್ಕುಗಳು ದೇಶದೇಶಕ್ಕೆ ಬೇರೆ. ಖಾತೆಯ ದೇಶ ಬದಲಿಸಿದ ದಿನ ನಿಮ್ಮ ಪಟ್ಟಿಯ ಕೆಲವು ಹಾಡುಗಳು ಮಂಕಾಗಿ ಕೂರುತ್ತವೆ. ಬದಲಿಸುವ ಮುಂಚೆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಮಂಕಾದ ಮೇಲೆ ಹೆಸರು ಹುಡುಕುವುದು ಕಷ್ಟ. ಅದೇ ಆಲ್ಬಂ ಬೇರೆ ಮುದ್ರಣದ ಹೆಸರಲ್ಲಿ ಇದ್ದರೂ ಇರುತ್ತದೆ.

ಹೊಸದರಲ್ಲಿ ಎರಡು ಹೇಳುತ್ತೇನೆ. ಭಾರತೀಯ ಸಂಗೀತಕ್ಕೆ ಜಾಝ್ ಬೆರೆಸುವ ಶಕ್ತಿ ತಂಡದ ‘ದಿಸ್ ಮೊಮೆಂಟ್’ (2023) ನಮ್ಮ ಕಿವಿಗೆ ಸಲೀಸು, ಮೃದಂಗ ತಬಲಾ ಕೇಳಿ ಬೆಳೆದವರಿಗೆ ಪರಿಚಯ ಬೇಕಿಲ್ಲ. ಹೆಚ್ಚು ಸಮಯ ಕೊಡಬೇಕಾದ್ದು ‘ಪ್ರಾಮಿಸಸ್’ (2021): ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಬ್ರಿಟಿಷ್ ಎಲೆಕ್ಟ್ರಾನಿಕ್ ಸಂಗೀತಗಾರ, ಸ್ಯಾಕ್ಸೊಫೋನಿಗೆ ಫರೋವಾ ಸ್ಯಾಂಡರ್ಸ್, ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಒಂಬತ್ತು ಭಾಗ, ಏಳು ಸ್ವರಗಳ ಒಂದೇ ಪುಟ್ಟ ಪಲುಕು ಮತ್ತೆ ಮತ್ತೆ. ಅದನ್ನು ತಂಬೂರಿಯ ಹಾಗೆ ಹಿಂದಕ್ಕೆ ಬಿಟ್ಟು ಸ್ಯಾಕ್ಸೊಫೋನನ್ನು ಆಲಾಪದಂತೆ ಕೇಳಿದರೆ ಬಾಗಿಲು ತೆರೆಯುತ್ತದೆ. ಆ್ಯಪಿನಲ್ಲಿ ಕ್ರಾಸ್‌ಫೇಡ್ (ಒಂದರ ಕೊನೆಯ ಮೇಲೆ ಮುಂದಿನದರ ಆರಂಭ ಹೊದಿಸುವುದು) ಆಫ್ ಮಾಡಿ, ಇಲ್ಲವಾದರೆ ಭಾಗಗಳ ಸಂದಿ ಕಲಸಿಹೋಗುತ್ತದೆ. ಮಧ್ಯದಲ್ಲಿ ಸದ್ದು ತೀರಾ ಇಳಿಯುತ್ತದೆ, ಆಗ ವಾಲ್ಯೂಮ್ ಏರಿಸಿಟ್ಟರೆ ಆಮೇಲೆ ಪಿಟೀಲುಗಳು ಉಕ್ಕಿದಾಗ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಮೊದಲ ಸಲ ಹೆಡ್‌ಫೋನಿನಲ್ಲೇ ಕೇಳಿ.