ಹತ್ತು ವರ್ಷ ಒಂದೇ ಕಡತ

ಪತ್ರ: “ಸಂಸತ್ತಿನ ಒಂದು ಚುನಾವಣೆಯನ್ನೂ ಗೆಲ್ಲದ ಬ್ರಿಟನ್ನಿನ ಮಾಜಿ ಸಚಿವ ಆಂಡ್ರ್ಯೂ ಅಡೋನಿಸ್ ಅವರನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಪ್ರಧಾನಿಯ ಸಲಹೆಗಾರನೊಬ್ಬ ಹಿಂಬಾಗಿಲಿನಿಂದ ಮಂತ್ರಿಯಾಗಿ ದೇಶದ ಶಾಲೆ, ರೈಲುಗಳ ಹಣೆಬರಹ ಬರೆಯುವುದು ಪ್ರಜಾಪ್ರಭುತ್ವವೇ?”
– ರಾಜ್ಯಶಾಸ್ತ್ರದ ಉಪನ್ಯಾಸಕರೊಬ್ಬರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. 2009ರ ಜೂನ್‌ನಲ್ಲಿ ಅಡೋನಿಸ್ ಸಾರಿಗೆ ಸಚಿವರಾದಾಗ ಅವರು ಜನರು ಆರಿಸದ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿದ್ದರು. ನಮ್ಮ ಸಂವಿಧಾನದ 88ನೇ ವಿಧಿಯ ಪ್ರಕಾರ ರಾಜ್ಯಸಭೆಯ ಮಂತ್ರಿ ಲೋಕಸಭೆಗೂ ಹೋಗಿ ಮಾತಾಡಬಹುದು, ಮತ ಮಾತ್ರ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಜನರು ಆರಿಸಿದ ಕೆಳಮನೆ ಕಾಮನ್ಸ್‌ನಲ್ಲಿ ಇಲಾಖೆಯ ಪರವಾಗಿ ಉತ್ತರ ಕೊಡುತ್ತಿದ್ದವರು ಅವರ ಕೈಕೆಳಗಿನ ಸಚಿವ, ಮುಂದೆ ಲಂಡನ್ ಮೇಯರ್ ಆದ ಸಾದಿಕ್ ಖಾನ್. ಗೆದ್ದು ಬಂದ ಸದಸ್ಯರು ಮುಖ್ಯ ಸಚಿವರನ್ನೇ ಎದುರು ನಿಲ್ಲಿಸಿ ಕೇಳಲಾಗದ ಈ ಏರ್ಪಾಡು ಸರಿಯಲ್ಲ, ಒಪ್ಪಿದೆ.

ಆದರೆ ಪತ್ರವನ್ನು ನೀವು ಅಲ್ಲಿಗೇ ಮುಗಿಸಿಬಿಟ್ಟಿರಿ. ಯಾವ ಬಾಗಿಲಿನಿಂದ ಬಂದರು ಎಂದು ಕೇಳಿದಿರಿ, ಒಳಗೆ ಬಂದ ಮೇಲೆ ಎಷ್ಟು ದಿನ ಕೂತು ಕೆಲಸ ಮಾಡಿದರು ಎಂದು ಕೇಳಲಿಲ್ಲ.

ಅಡೋನಿಸ್ ಅವರ ತಂದೆ ಸೈಪ್ರಸ್‌ನಿಂದ ವಲಸೆ ಬಂದವರು. ಹುಡುಗ ಬೆಳೆದದ್ದು ಸ್ಥಳೀಯ ಆಡಳಿತದ ಮಕ್ಕಳ ನಿಲಯದಲ್ಲಿ. ಅದೇ ಆಡಳಿತದ ಅನುದಾನದಿಂದ ವಸತಿ ಶಾಲೆ, ಅಲ್ಲಿಂದ ಆಕ್ಸ್‌ಫರ್ಡ್. ಆಮೇಲೆ ಅಧ್ಯಾಪನ, ಪತ್ರಿಕೋದ್ಯಮ. 1998ರಲ್ಲಿ ಆಗಿನ ಪ್ರಧಾನಿ ಟೋನಿ ಬ್ಲೇರ್ ಅವರ ನೀತಿ ಘಟಕ ಸೇರಿದರು, 2001ರಲ್ಲಿ ಅದರ ಮುಖ್ಯಸ್ಥರಾದರು. 2005ರಲ್ಲಿ ಲಾರ್ಡ್ಸ್ ಸದಸ್ಯತ್ವ ಮತ್ತು ಶಿಕ್ಷಣ ಇಲಾಖೆಯ ಕಿರಿಯ ಸಚಿವ ಸ್ಥಾನ ಒಟ್ಟಿಗೇ ಬಂದವು. 2008ರವರೆಗೆ ಅಲ್ಲೇ ಇದ್ದರು. ಸಲಹೆಗಾರರಾಗಿಯೋ ಸಚಿವರಾಗಿಯೋ, ಶಾಲೆಗಳ ಕಡತ ಹತ್ತು ವರ್ಷ ಒಬ್ಬರ ಕೈಯಲ್ಲೇ ಇತ್ತು. ನಾನು ಹೊಗಳಿದ್ದು ಇದನ್ನು.

ಆ ಕಡತದಲ್ಲಿ ಇದ್ದದ್ದು ‘ಅಕಾಡೆಮಿ’ ಯೋಜನೆ. ಬಡ ಬಡಾವಣೆಯಲ್ಲಿ ಸೋತು ಸುಣ್ಣವಾದ ಪ್ರೌಢಶಾಲೆಯನ್ನು ಮುಚ್ಚಿ, ಅದರ ಜಾಗದಲ್ಲಿ ಹೊಸ ಕಟ್ಟಡ, ಹೊಸ ಮುಖ್ಯೋಪಾಧ್ಯಾಯರು, ಹೊಸ ಆಡಳಿತ ಮಂಡಳಿ ಬರಬೇಕು. ಪ್ರಾಯೋಜಕರು ಕಟ್ಟಡದ ಖರ್ಚಿನ ಶೇ. 20ರಷ್ಟನ್ನು, ಗರಿಷ್ಠ 20 ಲಕ್ಷ ಪೌಂಡ್, ಕೊಡಬೇಕಿತ್ತು. ಮಂಡಳಿಯಲ್ಲಿ ಬಹುಮತ ಅವರದು. ನಡೆಸುವ ಹಣ ಸ್ಥಳೀಯ ಆಡಳಿತದ ಮೂಲಕ ಬರುವುದಿಲ್ಲ, ಸಚಿವರೊಂದಿಗಿನ ಒಪ್ಪಂದದಂತೆ ನೇರವಾಗಿ ಕೇಂದ್ರದಿಂದ ಬರುತ್ತದೆ. ಮೊದಲ ಮೂರು ಶಾಲೆಗಳು ತೆರೆದದ್ದು 2002ರ ಸೆಪ್ಟೆಂಬರ್‌ನಲ್ಲಿ. ಅವುಗಳಲ್ಲಿ ಮಿಡ್ಲ್ಸ್‌ಬರೋದ ಶಾಲೆ 2005ರ ತಪಾಸಣೆಯಲ್ಲೇ ನಪಾಸಾಯಿತು. ಕಟ್ಟಡ ಹೊಸದಾದ ಮಾತ್ರಕ್ಕೆ ಪಾಠ ಹೊಸದಾಗುವುದಿಲ್ಲವಲ್ಲ. ಲಂಡನ್ನಿನ ಹ್ಯಾಕ್ನಿಯಲ್ಲಿ ಆದದ್ದು ಬೇರೆ. 1995ರಲ್ಲಿ ಮುಚ್ಚಿಸಿದ್ದ ಶಾಲೆಯೊಂದರ ಜಾಗದಲ್ಲಿ 2004ರಲ್ಲಿ ಮಾಸ್‌ಬೋರ್ನ್ ತೆರೆಯಿತು. ಮುಖ್ಯೋಪಾಧ್ಯಾಯರು ಮೈಕೆಲ್ ವಿಲ್ಶಾ, ಶಿಸ್ತಿನ ಮನುಷ್ಯ. ಅಲ್ಲಿಯ ಮೊದಲ ತಂಡ 2009ರಲ್ಲಿ ಪರೀಕ್ಷೆ ಬರೆದಾಗ ಫಲಿತಾಂಶ ರಾಷ್ಟ್ರೀಯ ಸರಾಸರಿಯನ್ನು ಎಷ್ಟೋ ಮೀರಿತ್ತು. ಒಂದೇ ಯೋಜನೆ ಒಂದೆಡೆ ಸೋತು ಇನ್ನೊಂದೆಡೆ ಗೆದ್ದದ್ದು ಯಾಕೆ ಎಂದು ತಿಳಿಯಬೇಕಾದರೆ ಐದಾರು ವರ್ಷ ಅದೇ ಕುರ್ಚಿಯಲ್ಲಿ ಒಬ್ಬರು ಇರಬೇಕಾಗುತ್ತದೆ. ಅಡೋನಿಸ್ ಅವರ ಲೇಬರ್ ಪಕ್ಷದ ಸರ್ಕಾರ ಇಳಿದಾಗ, 2010ರ ಮೇ ಹೊತ್ತಿಗೆ, ಇಂಥ 203 ಶಾಲೆಗಳಿದ್ದವು.

ಅದರ ಪಕ್ಕದಲ್ಲಿ 2022ನ್ನು ಇಟ್ಟು ನೋಡಿ. ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬ್ರಿಟನ್ ಐವರು ಶಿಕ್ಷಣ ಸಚಿವರನ್ನು ಕಂಡಿತು: ಝಹಾವಿ, ಡೊನೆಲನ್, ಕ್ಲೆವರ್ಲಿ, ಮಾಲ್ಟ್‌ಹೌಸ್, ಕೀಗನ್. ಡೊನೆಲನ್ ಎರಡು ದಿನವೂ ತುಂಬಿಸಲಿಲ್ಲ. ಐವರೂ ಮತ ಪಡೆದು ಬಂದವರೇ, ಮೇಷ್ಟ್ರೇ. ಯಾವ ಶಾಲೆಯ ಛಾವಣಿ ಸೋರುತ್ತಿದೆ, ಯಾವ ಜಿಲ್ಲೆಯಲ್ಲಿ ಗಣಿತದ ಶಿಕ್ಷಕರಿಲ್ಲ ಎಂಬುದನ್ನು ಅವರು ಓದಿ ಮುಗಿಸುವುದಾದರೂ ಯಾವಾಗ?

ಅಡೋನಿಸ್ ಅವರ ತಪ್ಪುಗಳನ್ನೂ ಹೇಳಬೇಕು. ವಿಶ್ವವಿದ್ಯಾಲಯಗಳ ಶುಲ್ಕ ಏರಿಕೆಯ ಹಿಂದಿದ್ದವರು ಅವರೇ. 2004ರ ಜನವರಿ 27ರಂದು ಆ ಮಸೂದೆ ಕಾಮನ್ಸ್‌ನಲ್ಲಿ ಗೆದ್ದದ್ದು ಕೇವಲ ಐದು ಮತಗಳ ಅಂತರದಲ್ಲಿ. ವರ್ಷಕ್ಕೆ 3,000 ಪೌಂಡ್‌ವರೆಗೆ ಶುಲ್ಕ. ಓದುವಾಗ ಕೊಡಬೇಕಿರಲಿಲ್ಲ, ದುಡಿಮೆ ವರ್ಷಕ್ಕೆ 15,000 ಪೌಂಡ್ ದಾಟಿದ ಮೇಲೆ, ದಾಟಿದ ಮೊತ್ತದ ಶೇ. 9ರಂತೆ ತೀರಿಸಬೇಕಿತ್ತು. ವಿಶ್ವವಿದ್ಯಾಲಯಗಳು ಪೈಪೋಟಿಗೆ ಬಿದ್ದು ಬೇರೆ ಬೇರೆ ದರ ಇಟ್ಟಾವು ಎಂಬುದು ಲೆಕ್ಕ. ಅವೋ ಹೆಚ್ಚುಕಡಿಮೆ ಎಲ್ಲವೂ ಗರಿಷ್ಠ ದರವನ್ನೇ ಹಿಡಿದವು. 2012ರಲ್ಲಿ ಮುಂದಿನ ಸರ್ಕಾರ ಮಿತಿಯನ್ನು 9,000ಕ್ಕೆ ಏರಿಸಿದಾಗಲೂ ಅದೇ ಕಥೆ. 2017ರಲ್ಲಿ ಅಡೋನಿಸ್ ಈ ಶುಲ್ಕವನ್ನೇ ರದ್ದು ಮಾಡಿ ಎಂದು ಬಹಿರಂಗವಾಗಿ ಬರೆದರು. ತಾವೇ ರೂಪಿಸಿದ ನೀತಿ ಕೆಟ್ಟಿತೆಂದು ಹೆಸರು ಹಾಕಿ ಹೇಳುವವರು ಎಷ್ಟು ಮಂದಿ ಇದ್ದಾರೆ?

ರೈಲಿನ ವಿಷಯ ನನಗೆ ನೋವಿನದು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹಳೆಯ ಪಶ್ಚಿಮ ಮಾರ್ಗವನ್ನು ಗಾಡಿಗಳು ಓಡುತ್ತಿರುವಾಗಲೇ ಮೇಲ್ದರ್ಜೆಗೇರಿಸಲು ಸುಮಾರು 900 ಕೋಟಿ ಪೌಂಡ್ ಖರ್ಚಾಯಿತು, ಪ್ರಯಾಣಿಕರು ವರ್ಷಗಟ್ಟಲೆ ಒದ್ದಾಡಿದರು. ಆ ತೇಪೆ ಬೇಡ, ಹೊಸ ಹಳಿಯನ್ನೇ ಹಾಕೋಣ ಎಂದು 2010ರ ಮಾರ್ಚ್‌ನಲ್ಲಿ ಅಡೋನಿಸ್ ಎಚ್‌ಎಸ್2 ಎಂಬ ಅತಿವೇಗದ ರೈಲು ಯೋಜನೆಯನ್ನು ಮುಂದಿಟ್ಟರು. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್, ಅಲ್ಲಿಂದ ಕವಲೊಡೆದು ಮ್ಯಾಂಚೆಸ್ಟರ್ ಮತ್ತು ಲೀಡ್ಸ್. ಅಂದಾಜು 3,000 ಕೋಟಿ ಪೌಂಡ್. ಎರಡು ತಿಂಗಳಲ್ಲಿ ಸರ್ಕಾರವೇ ಹೋಯಿತು. ಮೊದಲ ಹಂತಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ, ನಿರ್ಮಾಣಕ್ಕೆ ವಿಧ್ಯುಕ್ತ ಚಾಲನೆ 2020ರಲ್ಲಿ. ನಡುವೆ ಚಿಲ್ಟರ್ನ್ಸ್ ಬೆಟ್ಟದಡಿ 16 ಕಿ.ಮೀ. ಸುರಂಗ, ಯೂಸ್ಟನ್ ನಿಲ್ದಾಣದ ನಕ್ಷೆಗೆ ಮತ್ತೆ ಮತ್ತೆ ತಿದ್ದುಪಡಿ, ವಿನ್ಯಾಸ ಪಕ್ವವಾಗುವ ಮೊದಲೇ ಗುತ್ತಿಗೆ. ಅಂದಾಜು 10,000 ಕೋಟಿಯನ್ನೂ ಮೀರಬಹುದೆಂದು 2020ರ ಪರಿಶೀಲನಾ ವರದಿಯೇ ಹೇಳಿತು. ಕೊನೆಗೆ 2023ರ ಅಕ್ಟೋಬರ್‌ನಲ್ಲಿ ನಮ್ಮ ಪತ್ರಿಕೆಗಳು ‘ಕರ್ನಾಟಕದ ಅಳಿಯ’ ಎಂದು ಸಂಭ್ರಮಿಸಿದ್ದ ಆಗಿನ ಪ್ರಧಾನಿ ರಿಷಿ ಸುನಕ್, ಮ್ಯಾಂಚೆಸ್ಟರ್‌ನಲ್ಲೇ ನಿಂತು ಮ್ಯಾಂಚೆಸ್ಟರ್ ಮಾರ್ಗವನ್ನು ರದ್ದು ಮಾಡಿದರು. ಹದಿಮೂರು ವರ್ಷಗಳಲ್ಲಿ ಕಡತ ಎಷ್ಟು ಸಚಿವರ ಮೇಜು ದಾಟಿತೆಂದು ನಿಮ್ಮ ವಿದ್ಯಾರ್ಥಿಗಳಿಗೆ ಎಣಿಸಲು ಹೇಳಿ, ಒಳ್ಳೆಯ ಅಭ್ಯಾಸವಾದೀತು.

ಇನ್ನು, ಅಡೋನಿಸ್ ಜನರ ಮುಂದೆ ಹೋಗಲೇ ಇಲ್ಲ ಎನ್ನಲಾಗದು. 1987ರಿಂದ 1991ರವರೆಗೆ ಆಕ್ಸ್‌ಫರ್ಡ್ ನಗರಸಭೆಯ ಚುನಾಯಿತ ಸದಸ್ಯರಾಗಿದ್ದರು. 2019ರಲ್ಲಿ ಐರೋಪ್ಯ ಸಂಸತ್ತಿಗೆ ನೈಋತ್ಯ ಇಂಗ್ಲೆಂಡಿನಿಂದ ನಿಂತರು. ಅಲ್ಲಿ ಲೇಬರ್ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ.