ಬೇಕಲದಲ್ಲಿ ಮೂರು ದಿನ, ಅಮ್ಮ ಮತ್ತು ಮಕ್ಕಳ ಜೊತೆ

ವಯಸ್ಸಾದ ಅಮ್ಮ, ಇಬ್ಬರು ಮಕ್ಕಳು, ಮೂರು ದಿನ ರಜೆ. ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದಲ್ಲಿ ಆರಾಮಾಗಿ ಇರಬಹುದಾ, ಕನ್ನಡ ನಡೆಯುತ್ತಾ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನವನು. ಖಂಡಿತ ಬನ್ನಿ. ಆದರೆ ರಾಣಿಪುರದ ಬೆಟ್ಟ, ಕವ್ವಾಯಿಯ ಹಿನ್ನೀರು ಅಂತ ಎಲ್ಲವನ್ನೂ ತುರುಕಬೇಡಿ. ಬೇಕಲದ ಹತ್ತಿರವೇ ರೂಮು ಮಾಡಿ, ಕೋಟೆಗೆ ಎರಡು ಸಂಜೆ ಇಟ್ಟುಕೊಳ್ಳಿ.

ಮಧ್ಯಾಹ್ನ ಮಾತ್ರ ಕೋಟೆ ಬೇಡ. ಸುಮಾರು 40 ಎಕರೆ ಜಾಗ, ನೆರಳು ಕಡಿಮೆ, ಮುರಕಲ್ಲು ಬಿಸಿಲಿಗೆ ಕಾದಿರುತ್ತದೆ. ನಾಲ್ಕು ಗಂಟೆ ಹೊತ್ತಿಗೆ ಹೋಗಿ. ಬಾಗಿಲ ಹತ್ತಿರವೇ ಮುಖ್ಯಪ್ರಾಣ ದೇವರ ಗುಡಿ ಇದೆ, ಅಮ್ಮ ಅಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಲಿ. ಕೋಟೆ ಕಟ್ಟಿಸಿದ್ದು ಕೆಳದಿಯ ನಾಯಕರು, 17ನೇ ಶತಮಾನದಲ್ಲಿ. ಆಮೇಲೆ ಹೈದರಾಲಿ, ಟಿಪ್ಪು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯವರು. ಸಾಗರ, ಶಿವಮೊಗ್ಗ ಕಡೆಯವರು ಬಂದರೆ ನಾನು ಹೇಳುವುದುಂಟು, ಇದು ನಿಮ್ಮೂರಿನವರೇ ಕಟ್ಟಿದ ಕೋಟೆ ಅಂತ.

ಮಕ್ಕಳಿಗೆ ಸಮುದ್ರದ ಕಡೆಯ ಗೋಡೆಯಲ್ಲಿರುವ ತೂತುಗಳನ್ನು ತೋರಿಸಲೇಬೇಕು. ಒಂದರ ಕೆಳಗೊಂದು ಇವೆ. ಮೇಲಿನದರಲ್ಲಿ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಲ್ಲಿ ಇನ್ನೂ ಹತ್ತಿರ, ತೀರ ಕೆಳಗಿನದರಲ್ಲಿ ಗೋಡೆಯ ಬುಡದ ಕಡೆ. ಶತ್ರು ಹತ್ತಿರ ಬಂದ ಹಾಗೆ ಬಂದೂಕೂ ಒಂದೊಂದು ತೂತು ಕೆಳಗಿಳಿಯುತ್ತಿತ್ತು. ಸುಮ್ನೆ ಫೋಟೋ ತೆಗೆದುಕೊಂಡು ಹೋಗುವವರೇ ಜಾಸ್ತಿ, ಇದನ್ನು ಯಾರೂ ನೋಡುವುದಿಲ್ಲ ಅಂತ ನನಗೆ ಬೇಜಾರು. ಮಕ್ಕಳು ಮಾತ್ರ ಅಲ್ಲಿಂದ ಏಳುವುದೇ ಇಲ್ಲ!

ಸಂಜೆ ಗೇಟು ಬೇಗ ಮುಚ್ಚುತ್ತಾರೆ. ಸೂರ್ಯಾಸ್ತಕ್ಕೆ ಪಕ್ಕದ ಪಳ್ಳಿಕ್ಕೆರೆ ಬೀಚಿಗೆ ಬನ್ನಿ. ಮರಳಿನಲ್ಲಿ ಎಷ್ಟು ಬೇಕಾದರೂ ಆಡಲಿ, ನೀರಲ್ಲಿ ಮೊಣಕಾಲಿನವರೆಗೆ ಸಾಕು. ನಮ್ಮ ಕಡಲಿಗೆ ಸೆಳೆತ ಇದೆ.

ಒಂದು ದಿನ ಬೆಳಿಗ್ಗೆ ಬೇಗ ಹೊರಟು ಮಧೂರು, ಅನಂತಪುರದ ದೇವಸ್ಥಾನ ನೋಡಿ ಬನ್ನಿ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚುತ್ತದೆ, ತಡ ಮಾಡಬೇಡಿ. ಮಧೂರಿನ ಗಣಪತಿ ಗುಡಿಯಲ್ಲಿ ಕೊಡುವ ಅಪ್ಪ ಎಂಬ ಸಿಹಿ ತಿಂಡಿಯ ಪ್ರಸಾದ ತಪ್ಪಿಸಬೇಡಿ. ಅನಂತಪುರದ ಗುಡಿ ಕೆರೆಯ ನಡುವೆ ಇದೆ. ಮಕ್ಕಳು ಆ ಕೆರೆಯ ಮೊಸಳೆ ಎಲ್ಲಿ ಅಂತ ಕೇಳಬಹುದು. ಊರಿಗೆಲ್ಲ ಪ್ರೀತಿಯ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿದೆ.

ಭಾಷೆಯ ಚಿಂತೆ ಬಿಡಿ. ಮಧೂರು, ಕುಂಬಳೆ ಕಡೆ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಬೇಕಲದಲ್ಲಿ ಮಲಯಾಳ ಜಾಸ್ತಿ, ಆದರೂ ಕನ್ನಡ ತಿಳಿಯುವವರು ಸಿಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಅಮ್ಮನ ಜೊತೆ ಬರುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ರೈಲಿನಲ್ಲಿ ಬರುವುದಾದರೆ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯಿರಿ, ಬೇಕಲ್ ಫೋರ್ಟ್ ಸ್ಟೇಷನ್ನಿನಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ.